ಬಣ್ಣದ ರೆಕ್ಕೆ, ಕಾಣದ ಹುಳು

ಕಣ್ಣಿಗೆ ಚೆಲುವಾದುದನ್ನು ಮೆಚ್ಚುವುದು, ಕಾಣದುದನ್ನು ಮರೆಯುವುದು ಮಾನವ ಸ್ವಭಾವ. ಪ್ರಕೃತಿಯನ್ನು ಸರಿಯಾಗಿ ಅರಿಯಬೇಕಾದರೆ ಈ ಅಭ್ಯಾಸವನ್ನು ನಾವು ತಿದ್ದಿಕೊಳ್ಳಬೇಕು. ನಮ್ಮ ತೋಟಗಳಲ್ಲಿ ಬಾಳುವ ಎರಡು ಜೀವಿಗಳನ್ನು ಹೋಲಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಮೊದಲನೆಯದು ನಿಂಬೆ ಚಿಟ್ಟೆ. ಕಪ್ಪು ರೆಕ್ಕೆಗಳ ಮೇಲೆ ತಿಳಿಹಳದಿ ಚುಕ್ಕೆಗಳನ್ನು ತಳೆದ ಇದಕ್ಕೆ ಲಿನೇಯಸನು 1758ರಲ್ಲಿ ಶಾಸ್ತ್ರೀಯ ಹೆಸರನ್ನಿತ್ತನು. ಹೂವಿನಿಂದ ಹೂವಿಗೆ ಹಾರುವ ಇದರ ಚೆಲುವನ್ನು ಹೊಗಳದವರಾರು? ಆದರೆ ಇದು ಮೊಟ್ಟೆಯಿಡುವುದು ನಿಂಬೆ, ಕರಿಬೇವುಗಳ ಎಳೆಯ ಎಲೆಗಳ ಮೇಲೆ. ಹೊರಬಂದ ಮರಿಹುಳು ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು ಶತ್ರುಗಳ ಕಣ್ಣು ತಪ್ಪಿಸುತ್ತದೆ. ಬಳಿಕ ಹಸುರು ಬಣ್ಣ ತಳೆದು ಎಲೆಗಳನ್ನು ಮೇಯುತ್ತದೆ. ಹುಳುಗಳು ಹೆಚ್ಚಾದರೆ ಎಳೆಯ ಸಸಿಯಲ್ಲಿ ಕಡ್ಡಿ ಮಾತ್ರ ಉಳಿಯುವುದುಂಟು.

ಎರಡನೆಯದು ಬೇರುಗಂಟಿನ ಜಂತುಹುಳು. 1855ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಬರ್ಕಲಿಯು ಸೌತೆಯ ಬೇರಿನ ಗಂಟುಗಳಲ್ಲಿ ಇಂಥ ಹುಳುಗಳನ್ನು ಗುರುತಿಸಿದನು. ಮಣ್ಣಿನಲ್ಲಿ ಹರಿದು ಬೇರನ್ನು ಹೊಗುವ ಇದರ ಮರಿ ಅರ್ಧ ಮಿಲಿಮೀಟರಿನಷ್ಟು ಉದ್ದವೂ ಇಲ್ಲ. ಅದು ಬೇರಿನ ಕೆಲವು ಜೀವಕೋಶಗಳನ್ನು ಹಿಗ್ಗಿಸಿ ಅವುಗಳಿಂದ ಆಹಾರವನ್ನು ಹೀರುತ್ತದೆ. ಬೇರು ಗಂಟುಗಟ್ಟುತ್ತದೆ, ಸಾಕಷ್ಟು ನೀರು ಮೇಲೇರದೆ ಟೊಮೇಟೊ, ಬದನೆ ಗಿಡಗಳು ಸೊರಗುತ್ತವೆ. ಗೊಬ್ಬರ ಸಾಲದೆಂದು ಬಗೆದ ರೈತನು ಅದಕ್ಕಾಗಿ ಮತ್ತೆ ಹಣ ಸುರಿಯುತ್ತಾನೆ. ಸೊರಗಿದ ಒಂದು ಗಿಡವನ್ನು ಕಿತ್ತು ನೋಡಿದ್ದರೆ ನಿಜವಾದ ಕಾರಣ ಬೇರಿನಲ್ಲೇ ಕಾಣುತ್ತಿತ್ತು.

ಹಾಗಾದರೆ ಚಿಟ್ಟೆ ಒಳ್ಳೆಯದು, ಹುಳು ಕೆಟ್ಟದ್ದು ಎನ್ನೋಣವೆ? ಅದು ಆತುರದ ತೀರ್ಪು. ಎರಡೂ ಗಿಡವನ್ನೇ ನಂಬಿ ಬದುಕುತ್ತವೆ. ಎರಡೂ ಬೆಳೆಯುವಾಗ ಪೊರೆ ಕಳಚುತ್ತವೆ. ಕೀಟಗಳೂ ದುಂಡುಹುಳುಗಳೂ ಪೊರೆ ಕಳಚುವ ಒಂದೇ ದೊಡ್ಡ ವಂಶದ ದೂರದ ಬಂಧುಗಳೆಂದು ವಿಜ್ಞಾನಿಗಳು 1997ರಲ್ಲಿ ಜೀನುಗಳ ಹೋಲಿಕೆಯಿಂದ ಪ್ರತಿಪಾದಿಸಿದರು. ಇದಲ್ಲದೆ, ಮಣ್ಣಿನ ದುಂಡುಹುಳುಗಳೆಲ್ಲವೂ ಬೆಳೆಗೆ ವೈರಿಗಳಲ್ಲ. ಎಷ್ಟೋ ಬಗೆಯವು ಬ್ಯಾಕ್ಟೀರಿಯಗಳನ್ನು ತಿಂದು, ಅವುಗಳಲ್ಲಿದ್ದ ಸಾರವನ್ನು ಸಸ್ಯಗಳಿಗೆ ದೊರಕಿಸುತ್ತವೆ.

ನಿಜವಾದ ವ್ಯತ್ಯಾಸವಿರುವುದು ನಮ್ಮ ನೋಟದಲ್ಲಿ. ಎಲೆಯ ಮೇಲಿನ ಹುಳು ಕಣ್ಣಿಗೆ ಬೀಳುತ್ತದೆ. ಅದನ್ನು ಕೈಯಿಂದಲೇ ಆರಿಸಿ ತೆಗೆಯಬಹುದು. ಬೇರಿನೊಳಗಿನ ಹುಳು ಕಾಣದೆ ವರ್ಷ ವರ್ಷವೂ ಹೆಚ್ಚುತ್ತದೆ. ಕಾರಣವನ್ನು ತಿಳಿದವನಾದರೋ ಬೆಳೆಯನ್ನು ಬದಲಾಯಿಸಿ, ಚೆಂಡುಹೂವನ್ನು ಬೆಳೆದು ಅದರ ಹಾವಳಿಯನ್ನು ತಗ್ಗಿಸಬಲ್ಲನು. ಆದ್ದರಿಂದ ವಿದ್ಯಾರ್ಥಿಗಳು ಚಿಟ್ಟೆಯನ್ನು ಕಂಡು ಸಂತೋಷಪಡಲಿ; ಬಾಡಿದ ಗಿಡವೊಂದು ಎದುರಾದಾಗ ಅದರ ಬೇರನ್ನೂ ಪರೀಕ್ಷಿಸಲಿ. ರೂಪವನ್ನು ಕಂಡು ಮೆಚ್ಚುವುದು ಸುಲಭ; ಕಾರಣವನ್ನು ಹುಡುಕಿ ತಿಳಿಯುವುದೇ ವಿದ್ಯೆ.