ದೊಡ್ಡ ತಂಡ ಸೇರಿದ ಹುಡುಗ



ಫುಟ್‌ಬಾಲ್ ಆಟದ ವಿಷಯ ಈ ಅಂಕಣಕ್ಕೆ ಹೇಗೆ ಬಂತೆಂದು ಕೆಲವರು ಕೇಳಬಹುದು. ಕಾಸರಗೋಡು, ವಯನಾಡಿನ ಕಡೆಯ ನಮ್ಮವರು ಕೇಳಲಾರರು. ಅಲ್ಲಿ ಮಳೆಗಾಲ ಮುಗಿಯುತ್ತಲೇ ಏಳೇಳು ಮಂದಿಯ ಸೆವೆನ್ಸ್ ಪಂದ್ಯಗಳ ಸುಗ್ಗಿ. ಗೋವೆಯವರಿಗೆ ಈ ಆಟದ ಪರಿಚಯ ಮಾಡಿಕೊಡಬೇಕಾಗಿಯೇ ಇಲ್ಲ. ಜತ್ತ, ಸೊಲ್ಲಾಪುರದವರಿಗೆ ಕೊಲ್ಹಾಪುರದ ಪೇಟೆ ಗೊತ್ತು. ಅಲ್ಲಿ ತಾಲೀಮುಗಳ ಹೆಸರಿನ ತಂಡಗಳು ಶಾಹೂ ಮೈದಾನದಲ್ಲಿ ಆಡುವಾಗ ಊರಿಗೆ ಊರೇ ಅಲ್ಲಿರುತ್ತದೆ. ಹಾಗಾಗಿ ನಮ್ಮ ಮನೆಗಳಲ್ಲಿಯೂ ಚೆಂಡಿನ ಹಿಂದೆ ಓಡುವ ಹುಡುಗರಿದ್ದಾರೆ. ಅಂಗಡಿಯಲ್ಲಿ ಕೂರು ಎಂದರೆ ಮೈದಾನಕ್ಕೆ ಹೊರಡುವ ಮೊಮ್ಮಕ್ಕಳ ದೂರು ಹೇಳದ ಅಜ್ಜಂದಿರು ಕಡಿಮೆ.

ಇಂಥ ಹುಡುಗನನ್ನು ಒಂದು ದಿನ ದೊಡ್ಡ ತಂಡದವರು ಕರೆಯುತ್ತಾರೆ. ಮನೆಯಲ್ಲಿ ಸಿಹಿ ಮಾಡುತ್ತಾರೆ, ನೆಂಟರಿಷ್ಟರಿಗೆ ಸುದ್ದಿ ಹೋಗುತ್ತದೆ. ಆರು ತಿಂಗಳು ಕಳೆದ ಮೇಲೆ ತಂದೆ ಫೋನಿನಲ್ಲಿ ಕೇಳುತ್ತಾರೆ, “ಈ ವಾರ ಆಡಿದೆಯೇನಪ್ಪ?” ಆ ಕಡೆಯಿಂದ, “ಇಲ್ಲ ಅಪ್ಪಾಜಿ, ಬೆಂಚಿನಲ್ಲಿದ್ದೆ.” ಮುಂದಿನ ವಾರವೂ ಅದೇ ಮಾತು. ಊರ ತಂಡದಲ್ಲಿ ಇವನಿಲ್ಲದೆ ಪಂದ್ಯವೇ ಇರಲಿಲ್ಲ. ದೊಡ್ಡ ತಂಡದಲ್ಲಿ ಇವನಿದ್ದದ್ದೇ ಯಾರಿಗೂ ಗೊತ್ತಿಲ್ಲ. ಜಗತ್ತಿನ ಹೆಸರುವಾಸಿ ಆಟಗಾರರ ಬಾಳಿನಲ್ಲಿಯೂ ನಡೆದಿರುವ ಈ ಸಂಗತಿಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಲೆಕ್ಕ ನಮ್ಮ ಕುಲಕಸುಬು ತಾನೇ.

ಒಂದು ಪಂದ್ಯಕ್ಕೆ 90 ನಿಮಿಷ, ಒಂದು ತಂಡದಲ್ಲಿ 11 ಮಂದಿ. ಹಂಚುವುದಕ್ಕೆ ಇರುವ ಒಟ್ಟು ಬಂಡವಾಳ 990 ನಿಮಿಷ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಕ್ಲಬ್ಬು 25 ಹಿರಿಯ ಆಟಗಾರರ ಪಟ್ಟಿ ಕೊಡಬಹುದು. 21 ವರ್ಷದೊಳಗಿನವರು ಈ ಪಟ್ಟಿಯ ಹೊರಗೆ, ಅವರಿಗೆ ಮಿತಿಯಿಲ್ಲ. ಪಂದ್ಯದ ದಿನ 20 ಮಂದಿಗೆ ಅಂಗಿ ಸಿಗುತ್ತದೆ, 11 ಮಂದಿ ಕಣಕ್ಕಿಳಿಯುತ್ತಾರೆ, ಬದಲಿಯಾಗಿ ಐವರನ್ನು ಇಳಿಸಬಹುದು. ಎಂದರೆ ಎಷ್ಟೇ ಉದಾರಿಯಾದ ತರಬೇತುದಾರನಾದರೂ ಒಂದು ಪಂದ್ಯದಲ್ಲಿ 16 ಮಂದಿಗಿಂತ ಹೆಚ್ಚು ಜನರನ್ನು ಆಡಿಸಲಾರ. ಗೋಲುಕಾವಲಿನವನ ಜಾಗ ಸಾಮಾನ್ಯವಾಗಿ ಒಬ್ಬನಿಗೇ ಮೀಸಲು. ಉಳಿದ ಹತ್ತು ಜಾಗಕ್ಕೆ ದೇಶದೇಶಗಳಿಂದ ಕೊಂಡು ತಂದ ಆಟಗಾರರು ಕಾದಿರುತ್ತಾರೆ. ತರಬೇತುದಾರನೂ ಮೂರು ಪಂದ್ಯ ಸೋತರೆ ಕೆಲಸ ಕಳೆದುಕೊಳ್ಳುವ ಭಯದಲ್ಲಿರುವವನೇ. ಹದಿನೆಂಟರ ಹುಡುಗನನ್ನು ಇಳಿಸಿ ಪರೀಕ್ಷೆ ಮಾಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಆದ್ದರಿಂದ ಹುಡುಗ ಆಡುತ್ತಿಲ್ಲವೆಂದರೆ ಅವನಲ್ಲಿ ಏನೋ ಕೊರತೆಯಿದೆ ಎಂದು ತಟ್ಟನೆ ತೀರ್ಮಾನಿಸುವುದು ತಪ್ಪು.

ನಾರ್ವೆ ದೇಶದ ಮಾರ್ಟಿನ್ ಒಡೆಗಾರ್ಡ್ ಎಂಬ ಹುಡುಗನನ್ನು ನೋಡಿ. 2014ರಲ್ಲಿ, 15ನೆಯ ವಯಸ್ಸಿನಲ್ಲಿಯೇ ತನ್ನ ದೇಶದ ಪರವಾಗಿ ಆಡಿದ. 2015ರ ಜನವರಿಯಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಅವನನ್ನು ಸೇರಿಸಿಕೊಂಡಿತು. ಆ ವರ್ಷದ ಮೇ ತಿಂಗಳಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊಗೆ ಬದಲಿಯಾಗಿ ಇಳಿದು, ಆ ಕ್ಲಬ್ಬಿಗೆ ಆಡಿದ ಅತಿ ಕಿರಿಯನೆನಿಸಿದ. ಜಗತ್ತೆಲ್ಲ ಕೊಂಡಾಡಿತು. ಆದರೆ ಆ ಬಳಿಕ ಮೊದಲ ತಂಡದಲ್ಲಿ ಅವನಿಗೆ ಸಿಕ್ಕ ಪಂದ್ಯಗಳು ಬೆರಳೆಣಿಕೆಯವು. 2017ರಲ್ಲಿ ನೆದರ್ಲೆಂಡ್ಸಿನ ಹೀರೆನ್‌ವೀನ್ ಎಂಬ ಸಣ್ಣ ಕ್ಲಬ್ಬಿಗೆ ಎರವಲಾಗಿ ಹೋದ. ಆಟದ ಭಾಷೆಯಲ್ಲಿ ಇದಕ್ಕೆ ಲೋನ್ ಎನ್ನುತ್ತಾರೆ. ಅಲ್ಲಿಂದ ವಿಟೆಸ್ಸೆ, ಬಳಿಕ ಸ್ಪೇನಿನ ರಿಯಲ್ ಸೊಸೀಡಾಡ್. 2020ರ ಫೆಬ್ರವರಿಯಲ್ಲಿ ಸೊಸೀಡಾಡ್ ಪರವಾಗಿ ರಿಯಲ್ ಮ್ಯಾಡ್ರಿಡ್‌ನ ಮೈದಾನದಲ್ಲಿಯೇ ಅದರ ವಿರುದ್ಧ ಗೋಲು ಹೊಡೆದ. ಆ ಪಂದ್ಯದಲ್ಲಿ ಮ್ಯಾಡ್ರಿಡ್ 3-4ರಿಂದ ಸೋತಿತು. ಕೊನೆಗೆ 2021ರಲ್ಲಿ ಲಂಡನ್ನಿನ ಆರ್ಸೆನಲ್ ಸೇರಿ, 2022ರಲ್ಲಿ ಆ ತಂಡದ ನಾಯಕನಾದ. ಸಣ್ಣ ತಂಡಗಳಲ್ಲಿ ವಾರವಾರವೂ ಆಡಿದ ಆ ವರ್ಷಗಳೇ ಅವನನ್ನು ಆಟಗಾರನನ್ನಾಗಿ ಮಾಡಿದವು.

ಬೆಲ್ಜಿಯಮ್ಮಿನ ಕೆವಿನ್ ಡಿ ಬ್ರೂಯ್ನೆ 2012ರಲ್ಲಿ ಚೆಲ್ಸಿ ಸೇರಿದರು. ಒಂದು ವರ್ಷ ಜರ್ಮನಿಯ ವೆರ್ಡರ್ ಬ್ರೆಮೆನ್‌ಗೆ ಎರವಲು ಹೋಗಿ ಲೀಗಿನಲ್ಲಿ 10 ಗೋಲು ಹೊಡೆದು ಬಂದರೂ, ಚೆಲ್ಸಿಯಲ್ಲಿ ಅವರಿಗೆ ಸಿಕ್ಕಿದ್ದು ಮೂರೇ ಲೀಗ್ ಪಂದ್ಯ. 2014ರ ಜನವರಿಯಲ್ಲಿ ವೂಲ್ಫ್ಸ್‌ಬರ್ಗ್‌ಗೆ ಹೊರಟರು. ಮಾರನೆಯ ವರ್ಷವೇ ಜರ್ಮನಿಯ ವರ್ಷದ ಆಟಗಾರ ಎನಿಸಿ ಮ್ಯಾಂಚೆಸ್ಟರ್ ಸಿಟಿಗೆ ಬಂದು, ಅಲ್ಲಿ ಆರು ಬಾರಿ ಲೀಗ್ ಪ್ರಶಸ್ತಿ ಗೆದ್ದರು. ಅದೇ 2014ರ ಜನವರಿಯಲ್ಲಿ ಚೆಲ್ಸಿ ಸೇರಿದ ಈಜಿಪ್ಟಿನ ಮೊಹಮ್ಮದ್ ಸಲಾಹ್ ಅವರಿಗೂ ಅಲ್ಲಿ 13 ಲೀಗ್ ಪಂದ್ಯಗಳಷ್ಟೇ. ಇಟಲಿಯ ಫಿಯೊರೆಂಟಿನಾ, ರೋಮಾ ತಂಡಗಳಲ್ಲಿ ಆಡಿ ಪಳಗಿ, 2017ರಲ್ಲಿ ಲಿವರ್‌ಪೂಲ್‌ಗೆ ಬಂದ ಮೊದಲ ಋತುವಿನಲ್ಲಿಯೇ ಲೀಗಿನಲ್ಲಿ 32 ಗೋಲು ಹೊಡೆದರು. ಒಂದು ಅಂಗಡಿಯಲ್ಲಿ ಬಿಕರಿಯಾಗದೆ ಉಳಿದ ಸರಕು ಇನ್ನೊಂದು ಅಂಗಡಿಯಲ್ಲಿ ಹೊನ್ನಾದ ಉದಾಹರಣೆ ವ್ಯಾಪಾರಿಗಳಿಗೆ ಹೊಸದೇ?

ಆದರೆ ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಅಮೆರಿಕದ ಫ್ರೆಡ್ಡಿ ಅಡು 2004ರಲ್ಲಿ, 14ನೆಯ ವಯಸ್ಸಿನಲ್ಲಿ ವೃತ್ತಿಪರ ಆಟಗಾರನಾದ. ಮುಂದಿನ ಪೆಲೆ ಇವನೇ ಎಂದು ಪತ್ರಿಕೆಗಳು ಬರೆದವು. 2007ರಲ್ಲಿ ಪೋರ್ಚುಗಲ್ಲಿನ ಬೆನ್ಫಿಕಾ ಸೇರಿದ. ಅಲ್ಲಿ ನೆಲೆ ಸಿಗದೆ ಫ್ರಾನ್ಸ್‌ನ ಮೊನಾಕೊ, ಪೋರ್ಚುಗಲ್ಲಿನ ಬೆಲೆನೆನ್ಸೆಸ್, ಗ್ರೀಸಿನ ಆರಿಸ್, ಟರ್ಕಿಯ ರಿಜೆಸ್ಪೋರ್ ಎಂದು ನಾಲ್ಕು ಕಡೆ ಎರವಲು ತಿರುಗಿದ. ಎಲ್ಲಿಯೂ ಬೇರು ಬಿಡಲಿಲ್ಲ. ಗಿಡವನ್ನು ವರ್ಷವರ್ಷವೂ ಕಿತ್ತು ಬೇರೆಡೆ ನೆಟ್ಟರೆ ಆಗುವುದು ಇಷ್ಟೇ. ಎರವಲು ಹೋಗುವುದೇ ಔಷಧವಲ್ಲ, ಹೋದಲ್ಲಿ ಆಡಲು ಸಿಗಬೇಕು.

ಹಾಗೆಂದು ಕಾಯುವುದೇ ತಪ್ಪೆಂದೂ ಅಲ್ಲ. ಅನೇಕಾಂತವನ್ನು ನಂಬುವ ನಾವು ಒಂದೇ ಕಡೆಯಿಂದ ನೋಡಬಾರದು. 2017ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿಯೇ 17 ವರ್ಷದೊಳಗಿನವರ ವಿಶ್ವಕಪ್ ನಡೆಯಿತು, ಕೊಚ್ಚಿಯಲ್ಲೂ ಪಂದ್ಯಗಳಿದ್ದವು. ಕೋಲ್ಕತ್ತದ ಫೈನಲ್ಲಿನಲ್ಲಿ ಇಂಗ್ಲೆಂಡು ಸ್ಪೇನನ್ನು 5-2ರಿಂದ ಸೋಲಿಸಿದಾಗ ಎರಡು ಗೋಲು ಹೊಡೆದವನು ಫಿಲ್ ಫೋಡನ್. ಮರುತಿಂಗಳೇ ಮ್ಯಾಂಚೆಸ್ಟರ್ ಸಿಟಿಯ ಮೊದಲ ತಂಡಕ್ಕೆ ಇಳಿದನಾದರೂ ಕೆಲವು ವರ್ಷ ಅವನು ಹೆಚ್ಚಾಗಿ ಬದಲಿಯೇ. ಎರವಲು ಕಳಿಸಿ ಎಂದು ಹೊರಗಿನವರು ಬಹಳ ಹೇಳಿದರು. ಅವನು ಹೋಗಲಿಲ್ಲ. ಹಿರಿಯರ ಜೊತೆ ದಿನವೂ ಅಭ್ಯಾಸ ಮಾಡುತ್ತ ಕಲಿತ. 2023-24ರಲ್ಲಿ ಇಂಗ್ಲೆಂಡಿನ ಲೀಗಿನ ವರ್ಷದ ಆಟಗಾರನಾದ. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಅವನು ಆಡಿದ ನಿಮಿಷಗಳು ವರ್ಷದಿಂದ ವರ್ಷಕ್ಕೆ ಏರುತ್ತಿದ್ದವು. ಕಾಯುವುದಕ್ಕೂ ಕೊಳೆಯುವುದಕ್ಕೂ ಇರುವ ಅಂತರ ಅಷ್ಟೇ. ಖಾತೆಯಲ್ಲಿ ಜಮೆ ಏರುತ್ತಿದ್ದರೆ ತಾಳ್ಮೆ ಇರಲಿ. ಎರಡು ವರ್ಷವಾದರೂ ಶೂನ್ಯವೇ ಇದ್ದರೆ ಹೊಸ ಪುಸ್ತಕ ತೆರೆಯಬೇಕು.

ನಮ್ಮ ಸುನಿಲ್ ಛೆಟ್ರಿ ಅವರ ಮಾತೂ ಇಲ್ಲಿ ಹೇಳಬೇಕು. ಆಗ ಅವರು ತೀರ ಎಳೆಯರೇನಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೂ, 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡಕ್ಕೂ ಹೋದರು. ಎರಡೂ ಕಡೆ ಆಡಲು ಸಿಕ್ಕಿದ್ದು ತೀರ ಕಡಿಮೆ. ನಾಚಿಕೆಪಡದೆ ಹಿಂತಿರುಗಿ ಬಂದು, 2013ರಲ್ಲಿ ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿಯ ನಾಯಕರಾಗಿ ಮೊದಲ ವರ್ಷವೇ ಐ-ಲೀಗ್ ಗೆಲ್ಲಿಸಿದರು. 2024ರ ಜೂನ್ ವೇಳೆಗೆ ದೇಶಕ್ಕಾಗಿ 94 ಗೋಲು ಹೊಡೆದಿದ್ದರು. ವಿದೇಶದ ಬೆಂಚಿನ ಮೇಲೆಯೇ ಕುಳಿತಿದ್ದರೆ ಈ ಲೆಕ್ಕ ಬರುತ್ತಿತ್ತೇ?

ಇನ್ನು ದೊಡ್ಡ ಕ್ಲಬ್ಬುಗಳ ನಡತೆಯ ಬಗೆಗೂ ಒಂದು ಮಾತು. ಬೇಕಿರಲಿ ಬೇಡವಿರಲಿ, ಎದುರಾಳಿಗೆ ಸಿಗದಿರಲಿ ಎಂದು, ಬೆಲೆ ಏರಿದಾಗ ಮಾರೋಣವೆಂದು, ಎಳೆಯರನ್ನು ದಾಸ್ತಾನು ಮಾಡುವ ಚಟ ಕೆಲವಕ್ಕೆ ಹತ್ತಿತ್ತು. ಒಂದೇ ಋತುವಿನಲ್ಲಿ 40ರಷ್ಟು ಆಟಗಾರರನ್ನು ಎರವಲು ಕೊಟ್ಟ ಕ್ಲಬ್ಬೂ ಉಂಟು. ಇದನ್ನು ಪರಿಗ್ರಹವೆನ್ನದೆ ಬೇರೇನೆನ್ನಬೇಕು? ಶ್ರಾವಕನ ಐದನೆಯ ಅಣುವ್ರತವು ಸಂಗ್ರಹಕ್ಕೆ ಮಿತಿ ಹಾಕಿಕೊಳ್ಳಲು ಹೇಳುತ್ತದೆ. ಗೋದಾಮಿನ ಧಾನ್ಯಕ್ಕೇ ಮಿತಿ ಬೇಕಾದರೆ ಮನುಷ್ಯರ ಮಕ್ಕಳ ವಿಷಯದಲ್ಲಿ ಹೇಳಬೇಕೇ? ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ 2022ರ ಜುಲೈಯಿಂದ ಅಂತರರಾಷ್ಟ್ರೀಯ ಎರವಲುಗಳಿಗೆ ಮಿತಿ ಹಾಕಿತು. ಮೊದಲ ವರ್ಷ ಕೊಡುವುದಕ್ಕೂ ತರುವುದಕ್ಕೂ ಎಂಟೆಂಟು, ಬಳಿಕ ಏಳೇಳು, 2024ರಿಂದ ಆರಾರು. ಎರವಲಿನ ಅವಧಿ ಒಂದು ವರ್ಷ ಮೀರಬಾರದು, ಎರವಲು ಬಂದವನನ್ನು ಮತ್ತೊಬ್ಬರಿಗೆ ಎರವಲು ಕೊಡಬಾರದು. ಆದರೆ 21 ವರ್ಷದವರೆಗಿನವರು ಮತ್ತು ಕ್ಲಬ್ಬೇ ಬೆಳೆಸಿದವರು ಈ ಎಣಿಕೆಗೆ ಬರುವುದಿಲ್ಲ. ಹಾಗೆಯೇ ಒಂದು ಋತುವಿನ ಅಧಿಕೃತ ಪಂದ್ಯಗಳಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಪಂದ್ಯಗಳಲ್ಲಿ ಆಡಿದವನು ಕರಾರು ಮುರಿಯಲು ಕೇಳಬಹುದೆಂಬ ನಿಯಮವೂ ಇದೆ. ಅದು ತರಬೇತಿ ಮುಗಿಸಿ ನೆಲೆಯೂರಿದ ವೃತ್ತಿಪರನಿಗೆ ಹೇಳಿದ್ದು. ಎಂದರೆ ಕಲಿಯುತ್ತಿರುವ ಹುಡುಗನಿಗೆ ನಿಯಮದ ಆಸರೆ ತೀರ ಕಡಿಮೆ. ಅವನಿಗೆ ಕಾವಲು ತಂದೆತಾಯಿಯ ವಿವೇಕವೇ.

ಆದ್ದರಿಂದ ಸಹಿ ಹಾಕುವ ಮುನ್ನ ಹಿರಿಯರು ಕುಳಿತು ಕೆಲವು ಪ್ರಶ್ನೆ ಕೇಳಬೇಕು. ಹುಡುಗ ಆಡುವ ಜಾಗದಲ್ಲಿ ಅವನಿಗಿಂತ ಮುಂದೆ ಎಷ್ಟು ಮಂದಿಯಿದ್ದಾರೆ? ಕಳೆದ ಮೂರು ವರ್ಷಗಳಲ್ಲಿ ಕಿರಿಯರ ತಂಡದಿಂದ ಮೊದಲ ತಂಡಕ್ಕೆ ಎಷ್ಟು ಮಂದಿ ಏರಿದರು? ಎರಡನೆಯ ತಂಡ ನಿಜವಾದ ಲೀಗಿನಲ್ಲಿ ಆಡುತ್ತದೆಯೇ, ಬರಿಯ ಸ್ನೇಹಪಂದ್ಯಗಳೇ? ಕರಾರು ಎಷ್ಟು ವರ್ಷದ್ದು? ಆಡಿಸದಿದ್ದರೆ ಬೇರೆಡೆ ಕಳಿಸುವ ಮಾತು ಕಾಗದದಲ್ಲಿದೆಯೇ? ಓದು ಮುಂದುವರಿಯುತ್ತದೆಯೇ? ನಮ್ಮ ಮನೆಯ ಹುಡುಗರ ವಿಷಯದಲ್ಲಿ ಇನ್ನೊಂದು ಪ್ರಶ್ನೆಯೂ ಉಂಟು. ಸಂಜೆಯ ಅಭ್ಯಾಸ ಮುಗಿಯುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ರಾತ್ರಿಭೋಜನ ತ್ಯಾಗ ಪಾಲಿಸುವ ಹುಡುಗನಿಗೆ ಹೊತ್ತಿಗೆ ಮುಂಚೆ ಶುದ್ಧ ಸಸ್ಯಾಹಾರ ಸಿಗುವ ಏರ್ಪಾಡು ವಸತಿಯಲ್ಲಿದೆಯೇ? ಇದನ್ನು ಮೊದಲೇ ಮಾತಾಡಿಕೊಂಡರೆ ಹುಡುಗ ಅಲ್ಲಿ ಒಬ್ಬನೇ ಸಂಕೋಚಪಡಬೇಕಾಗುವುದಿಲ್ಲ.

ಇಂಗ್ಲೆಂಡಿನ ಜೂಡ್ ಬೆಲ್ಲಿಂಗ್‌ಹ್ಯಾಮ್ ಮನೆಯವರು ಇಂಥ ವಿವೇಕ ತೋರಿದ್ದರು. 2020ರಲ್ಲಿ, ಹುಡುಗನಿಗೆ 17 ವರ್ಷವಾಗಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ಕ್ಲಬ್ಬೇ ಕರೆದಿತ್ತು. ಅದನ್ನು ಬಿಟ್ಟು, ಎಳೆಯರನ್ನು ಆಡಿಸುವುದರಲ್ಲಿ ಹೆಸರಾದ ಜರ್ಮನಿಯ ಡಾರ್ಟ್‌ಮಂಡ್ ಆರಿಸಿಕೊಂಡರು. ಮೊದಲ ವರ್ಷವೇ 29 ಲೀಗ್ ಪಂದ್ಯ ಸಿಕ್ಕವು. 2023ರಲ್ಲಿ ರಿಯಲ್ ಮ್ಯಾಡ್ರಿಡ್ ತಾನಾಗಿ ಬಾಗಿಲಿಗೆ ಬಂತು.

ನಮ್ಮ ಹಿರಿಯರು ಹುಡುಗರನ್ನು ವ್ಯಾಪಾರ ಕಲಿಯಲು ಬೇರೆಯವರ ಅಂಗಡಿಗೆ ಕಳಿಸುತ್ತಿದ್ದಾಗ, ಅಂಗಡಿ ಎಷ್ಟು ದೊಡ್ಡದೆಂದು ಮಾತ್ರ ನೋಡುತ್ತಿರಲಿಲ್ಲ. ಹುಡುಗನ ಕೈಗೆ ತಕ್ಕಡಿ ಕೊಡುತ್ತಾರೆಯೇ, ಗಿರಾಕಿಯ ಮುಂದೆ ನಿಲ್ಲಿಸುತ್ತಾರೆಯೇ ಎಂದು ವಿಚಾರಿಸುತ್ತಿದ್ದರು. ದೊಡ್ಡ ಪೇಢಿಯಲ್ಲಿ ಮೂರು ವರ್ಷ ಥಾನು ಮಡಿಸಿದವನಿಗಿಂತ, ಸಣ್ಣ ಪೇಟೆಯಲ್ಲಿ ಒಂದು ವರ್ಷ ತಾನೇ ಗಲ್ಲೆಯ ಮೇಲೆ ಕುಳಿತವನು ಹೆಚ್ಚು ಕಲಿತಿರುತ್ತಿದ್ದ. ಆಟಕ್ಕೂ ಇದೇ ಅಳತೆ.

ಬೆಂಚಿನ ಮೇಲಿರುವ ಹುಡುಗರಿಗೆ ನಾವು ಹೇಳುವುದು ಇಷ್ಟು. ಆಡಿಸುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಸಿದ್ಧರಾಗಿರುವುದು ನಿಮ್ಮ ಪುರುಷಾರ್ಥ. ಅಭ್ಯಾಸಕ್ಕೆ ಮೊದಲು ಬನ್ನಿ, ನಿಮ್ಮ ಜಾಗದಲ್ಲಿ ಆಡುವವನ ಮೇಲೆ ಮತ್ಸರ ಬೇಡ, ಅವನಿಂದ ಕಲಿಯಿರಿ. ತರಬೇತುದಾರನ ಬಳಿ ಹೋಗಿ, ನಾನು ಏನು ಸುಧಾರಿಸಬೇಕೆಂದು ವಿನಯದಿಂದ ಕೇಳಿ.

ತಂದೆತಾಯಿಯರಿಗೆ ಒಂದೇ ಬಿನ್ನಹ. ಫೋನಿನಲ್ಲಿ ಮೊದಲು “ಆಡಿದೆಯಾ?” ಎಂದು ಕೇಳಬೇಡಿ. “ಊಟವಾಯಿತೇ, ನಿದ್ದೆ ಬರುತ್ತಿದೆಯೇ?” ಎಂದು ಕೇಳಿ. ಆಡದ ವಾರವನ್ನು ಅವನು ಲೆಕ್ಕವಿಟ್ಟೇ ಇರುತ್ತಾನೆ, ನೀವು ಬೇರೆ ನೆನಪಿಸಬೇಕಾಗಿಲ್ಲ. ಅವನು ಸಣ್ಣ ತಂಡಕ್ಕೆ ಹೋಗುತ್ತೇನೆಂದರೆ, ನೆಂಟರು ಏನೆಂದಾರು ಎಂದು ತಡೆಯಬೇಡಿ. ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ವರ್ಷಗಳು ಉದ್ರಿ ಕೊಟ್ಟರೆ ವಸೂಲಾಗುವಂಥವಲ್ಲ.