ಪ್ಯಾನೆಲಿಗೆ ಗ್ರೈಂಡರ್ ಇಡ್ಬೇಡಿ ಮಾರ್ರೆ! (ಬೋಟ್ ವೈರಿಂಗ್ – 4)

ಮೊದಲ ಫೋಟೋ ನೋಡಿ. ಡೆಕ್ ಲೈಟಿಗೆ ಒಂದು ಹೊಸ ಸ್ವಿಚ್ ಬೇಕಿತ್ತು, ಅಷ್ಟೇ. ಗ್ರೈಂಡರ್ ಹಾಕಿ ಕೊರೆದಿದ್ದಾರೆ. ಸ್ವಿಚ್ಚಿಗಿಂತ ತೂತೇ ದೊಡ್ಡದು, ಸುತ್ತ ಎಂ-ಸೀಲ್ ಮೆತ್ತಿ ಆಗಿದೆ.

"ನಡೀತದೆ ಮಾರಾಯ, ಯಾರು ನೋಡ್ತಾರೆ?" ಅನ್ನುವವರಿಗೇ ಈ ಪೋಸ್ಟ್.

ಯಾರೂ ನೋಡುವುದಿಲ್ಲ, ಸರಿ. ಉಪ್ಪುಗಾಳಿ ಬಿಡ್ತದಾ? ಸಂದಿಯಲ್ಲಿ ತೇವ ನುಗ್ಗಿ ಟರ್ಮಿನಲ್ ಹಸಿರು ಕಟ್ತದೆ. ಗ್ರೈಂಡರ್ ಹಾರಿಸಿದ ಅಲ್ಯೂಮಿನಿಯಂ ಪುಡಿ ಹಿಂದಿನ ಬಸ್‌ಬಾರ್ ಮೇಲೆ ಕೂತರೆ ಶಾರ್ಟ್. ಚೂರಿಯ ಹಾಗಿರುವ ಅಂಚಿಗೆ ವಯರ್ ತಾಗಿದ್ದರೆ, ಎಂಜಿನ್ ನಡುಗಿದ ಹಾಗೆಲ್ಲ ಇನ್ಸುಲೇಷನ್ ಸವೀತದೆ. ಅದೇ ಪ್ಯಾನೆಲಲ್ಲಿ ಬಿಲ್ಜ್ ಪಂಪ್ ಉಂಟು, ನ್ಯಾವಿಗೇಷನ್ ಲೈಟ್ ಉಂಟು. ರಾತ್ರಿ ನಡುಸಮುದ್ರದಲ್ಲಿ ಅದು ಆರಿದ್ರೆ ಎದುರು ಬರುವ ಹಡಗಿಗೆ ನೀವು ಕಾಣುವುದೇ ಇಲ್ಲ.

"ಅರ್ಜೆಂಟ್ ಇತ್ತು" ಅಂತ ಇನ್ನೊಂದು ನೆಪ. ಎಂಥ ಅರ್ಜೆಂಟ್? ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರ್ತವೆ. ಅಷ್ಟು ದಿನ ಸುಮ್ಮನಿದ್ದು ಕೊನೆಯ ಸಂಜೆ ಗ್ರೈಂಡರ್ ಹಿಡಿದ್ರೆ ಅದಕ್ಕೆ ಸೋಮಾರಿತನ ಅಂತ ಹೆಸರು.

ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ವಯರುಗಳ ಫೋಟೋ ತೆಗೆದು, ಪ್ಯಾನೆಲನ್ನೇ ಕಳಚಿ ಹೊರಗೆ ತನ್ನಿ. ಇದ್ದಲ್ಲೇ ಕೊರೀಬೇಡಿ. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗೆರೆ ಎಳೀರಿ. ಬೋಟಲ್ಲಿ ಹೆಚ್ಚು ಕಾಣುವ ರಾಕರ್ ಸ್ವಿಚ್ಚಿಗೆ ಸುಮಾರು 37 × 21 ಮಿ.ಮೀ. ಕಿಂಡಿ ಬೇಕು, ಆದ್ರೂ ಕೈಯಲ್ಲಿರುವ ಸ್ವಿಚ್ಚನ್ನೇ ವರ್ನಿಯರಲ್ಲಿ ಅಳೀರಿ. ಮೂಲೆಗಳಿಗೆ ಪಂಚ್ ಹೊಡೆದು, ಗೆರೆಯ ಒಳಗೇ ಡ್ರಿಲ್ ಮಾಡಿ, ಸಣ್ಣ ಹಲ್ಲಿನ ಜಿಗ್‌ಸಾ ಬ್ಲೇಡಲ್ಲಿ ಗೆರೆಗಿಂತ ಕೂದಲೆಳೆಯಷ್ಟು ಒಳಗೆ ಕತ್ತರಿಸಿ. ಉಳಿದದ್ದು ಅರದಲ್ಲಿ. (ಐಟಿಐಯಲ್ಲಿ ದಿನಗಟ್ಟಲೆ ಅರ ಉಜ್ಜಿಸಿದ್ದಕ್ಕೆ ಸರ್‌ಗೆ ಬೈದಿದ್ದಿರಲ್ಲ, ಅದು ಇದಕ್ಕೇ.) ತೂತು ದೊಡ್ಡದು ಮಾಡಬಹುದು, ಸಣ್ಣದು ಮಾಡ್ಲಿಕ್ಕಾಗ್ತದಾ?

ಇನ್ನು ಕೆಲವರು ಮನೆಯ ಗೋಡೆ ಸ್ವಿಚ್ಚನ್ನೇ ತಂದು ಹಾಕ್ತಾರೆ! ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳೀತದೆ, ಕಿಡಿ ಬೇಗ ಆರ್ತದೆ. ಬ್ಯಾಟರಿಯ ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಕಿಡಿ ಎಳೆದು ಕಾಂಟ್ಯಾಕ್ಟ್ ಸುಡ್ತದೆ. ಡಿಸಿ ರೇಟಿಂಗ್ ಬರೆದಿರುವುದನ್ನೇ ತನ್ನಿ, ಒಂದೊಂದಕ್ಕೂ ಬೇರೆ ಫ್ಯೂಸ್ ಕೊಡಿ.

ಕೊನೆಯ ಫೋಟೋ ನಾನು ಕತ್ತರಿಸಿದ ಮೊದಲ ಪ್ಯಾನೆಲ್. ಎರಡನೇ ಕಿಂಡಿ ಸ್ವಲ್ಪ ಓರೆ ಉಂಟು. ನಗುವವರು ನಿಮ್ಮದನ್ನೂ ಹಾಕಿ, ನೋಡುವ.

#ಬೋಟ್_ವೈರಿಂಗ್ #ಮಲ್ಪೆ