ಇನ್‌ಫ್ಲುಯೆಂಜಾ ಮತ್ತು ಹೋಬಳಿಯ ಆಸ್ಪತ್ರೆಗಳು

ನಮ್ಮ ದೇಶದಲ್ಲಿ ಇನ್‌ಫ್ಲುಯೆಂಜಾ ಜ್ವರವು ವರ್ಷಕ್ಕೆ ಎರಡಾವರ್ತಿ ಪ್ರಬಲಿಸುತ್ತದೆ: ಜನವರಿಯಿಂದ ಮಾರ್ಚಿಯವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತೊಮ್ಮೆ. ಬರುವ ಕಾಲವು ಮುಂಚಿತವಾಗಿಯೇ ತಿಳಿದಿರುವ ವ್ಯಾಧಿಗೆ, ಬಂದ ಬಳಿಕ ಸಿದ್ಧತೆ ನಡೆಸುವುದು ಬೆಂಕಿ ಬಿದ್ದಮೇಲೆ ಬಾವಿ ತೋಡಿದಂತೆಯೇ ಸರಿ.

2023ರ ಮಾರ್ಚಿಯಲ್ಲಿ ಹಾಸನ ಜಿಲ್ಲೆಯ ವೃದ್ಧರೊಬ್ಬರು ಎಚ್3ಎನ್2 ಎಂಬ ಬಗೆಯ ಇನ್‌ಫ್ಲುಯೆಂಜಾದಿಂದ ಮೃತರಾದರು. ಆಸ್ಪತ್ರೆಗಳ ಸಿಬ್ಬಂದಿಯವರು ಮುಖಗವಸನ್ನು ಧರಿಸಬೇಕೆಂದೂ ಲಸಿಕೆಯನ್ನು ಪಡೆಯಬೇಕೆಂದೂ ಸರ್ಕಾರದವರು ಅದೇ ತಿಂಗಳಲ್ಲಿ ಸೂಚಿಸಿದರು. ಸೂಚನೆಯು ಯುಕ್ತವಾದುದೇ, ಕಾಲವು ಮಾತ್ರ ಮೀರಿತ್ತು. ಲಸಿಕೆಯು ದೇಹದಲ್ಲಿ ಬಲಗೊಳ್ಳಲು ಸುಮಾರು ಎರಡು ವಾರಗಳು ಬೇಕು. ಅದನ್ನು ವರ್ಷವರ್ಷವೂ ಹಾಕಿಸಿಕೊಳ್ಳಬೇಕು. ಜ್ವರದ ಕಾಲಕ್ಕೆ ಮೊದಲೇ ಅದು ದಾದಿಯರಿಗೂ ಜವಾನರಿಗೂ ದೊರೆಯದಿದ್ದರೆ, ರೋಗವನ್ನು ತಡೆಯಬೇಕಾದ ಆಸ್ಪತ್ರೆಯೇ ರೋಗವನ್ನು ಹರಡುವ ಸ್ಥಳವಾದೀತು.

ಔಷಧದ ವಿಷಯವೂ ಹೀಗೆಯೇ. ಒಸೆಲ್ಟಮಿವಿರ್ ಎಂಬ ಔಷಧವು ರೋಗಲಕ್ಷಣಗಳು ಕಂಡ 48 ಗಂಟೆಗಳೊಳಗೆ ಕೊಟ್ಟರೆ ಅತ್ಯಧಿಕ ಫಲವನ್ನು ಕೊಡುತ್ತದೆ. ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ರೈತನನ್ನು ಕುರಿತು ಯೋಚಿಸೋಣ. ಜ್ವರ ಬಂದ ಮೊದಲ ದಿನ ಆತನು ಕಷಾಯ ಕುಡಿದು ಮಲಗುವನು. ಎರಡನೆಯ ದಿನ ಸಮೀಪದ ಆರೋಗ್ಯ ಕೇಂದ್ರಕ್ಕೆ ಬರುವನು. ಅಲ್ಲಿ ಔಷಧವಿಲ್ಲವೆಂದು ಆತನನ್ನು ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಕಳುಹಿಸಿದರೆ, ಬಸ್ಸು ಹಿಡಿದು ಸಾಲಿನಲ್ಲಿ ನಿಂತು ವೈದ್ಯರನ್ನು ಕಾಣುವಷ್ಟರಲ್ಲಿ ಆ ಅಮೂಲ್ಯ ಕಾಲವು ಕಳೆದುಹೋಗುವುದು. ಜಿಲ್ಲಾ ಕೇಂದ್ರದ ಉಗ್ರಾಣದಲ್ಲಿರುವ ಮಾತ್ರೆಯು ಹಳ್ಳಿಯ ರೋಗಿಯನ್ನು ಉಳಿಸಲಾರದು.

ಜ್ವರ ಬಂದವರೆಲ್ಲರೂ ಆಸ್ಪತ್ರೆ ಸೇರಬೇಕೆಂದು ನಾವು ಹೇಳುವುದಿಲ್ಲ. ಸೌಮ್ಯ ಜ್ವರದವರು ಮನೆಯಲ್ಲಿಯೇ ವಿಶ್ರಮಿಸಲಿ. ತೀವ್ರ ಜ್ವರವುಳ್ಳವರಿಗೂ, ಜ್ವರ ಬಂದ ಗರ್ಭಿಣಿಯರು, ವೃದ್ಧರು, ಶಿಶುಗಳು, ಸಕ್ಕರೆ ರೋಗವುಳ್ಳವರು ಮೊದಲಾದವರಿಗೂ ವೈದ್ಯರು ಬೇಗನೆ ಔಷಧವನ್ನು ಕೊಡಲಿ. ಉಸಿರಾಟ ಕಷ್ಟವಾದವರನ್ನು ಮಾತ್ರ ತಡವಿಲ್ಲದೆ ಆಸ್ಪತ್ರೆಗೆ ಸೇರಿಸಲಿ. ಹೀಗೆ ವಿಂಗಡಿಸದಿದ್ದರೆ, ದೊಡ್ಡಾಸ್ಪತ್ರೆಯ ಹಾಸಿಗೆಗಳು ಅಗತ್ಯವಿಲ್ಲದವರಿಂದ ತುಂಬಿ, ಅಗತ್ಯವುಳ್ಳವರು ಹೊರಗುಳಿಯುವರು.

1918ರ ಮಹಾಮಾರಿಯಲ್ಲಿ ಹಿಂದೂಸ್ಥಾನದ ಒಂದು ಕೋಟಿಗೂ ಮಿಕ್ಕಿದ ಜನರು ಮಡಿದರು. ಆಗ ರೋಗಕಾರಣವೇ ತಿಳಿದಿರಲಿಲ್ಲ. ಮನುಷ್ಯರಲ್ಲಿ ಅದರ ವೈರಾಣುವು ಪತ್ತೆಯಾದುದು 1933ರಲ್ಲಿ. ಹಾಗಿದ್ದರೂ ಬೆಂಗಳೂರಿನಲ್ಲಿ ಸ್ವಯಂಸೇವಕರು ಔಷಧವನ್ನೂ ಗಂಜಿಯನ್ನೂ ರೋಗಿಗಳಿಗೆ ಹಂಚಿದರು. ಅಂದಿನವರಿಗೆ ಇಲ್ಲದ ಲಸಿಕೆ, ಔಷಧ, ಆಮ್ಲಜನಕಗಳೆಲ್ಲವೂ ನಮಗಿವೆ. ಆದುದರಿಂದ ಇಂದು ಸಿದ್ಧತೆಯಿಲ್ಲದೆ ಸಂಭವಿಸುವ ಮರಣಕ್ಕೆ ಅಜ್ಞಾನದ ನೆಪವನ್ನು ಹೇಳಲಾಗದು.

ಆರೋಗ್ಯಾಧಿಕಾರಿಗಳು ಮಳೆಗಾಲಕ್ಕೆ ಮುಂಚೆಯೇ ಪ್ರತಿ ಹೋಬಳಿಯ ಆಸ್ಪತ್ರೆಯನ್ನೂ ಖುದ್ದಾಗಿ ಪರಿಶೀಲಿಸಬೇಕು. ಮಾತ್ರೆಗಳ ದಾಸ್ತಾನಿದೆಯೇ, ಆಮ್ಲಜನಕದ ಸಿಲಿಂಡರು ತುಂಬಿದೆಯೇ, ಕೆಮ್ಮುವವರಿಗೆ ಪ್ರತ್ಯೇಕ ಸ್ಥಳವಿದೆಯೇ, ರಾತ್ರಿ ವೇಳೆ ರೋಗಿಯನ್ನು ಸಾಗಿಸಲು ವಾಹನವಿದೆಯೇ, ಸಿಬ್ಬಂದಿಗೆ ಲಸಿಕೆಯಾಗಿದೆಯೇ ಎಂಬ ಐದು ಪ್ರಶ್ನೆಗಳಿಗೆ ಕಾಗದದ ಮೇಲಲ್ಲ, ಕಣ್ಣೆದುರಿಗೆ ಉತ್ತರ ದೊರೆಯಬೇಕು. ಮಹಾಜನರೂ ಜ್ವರವನ್ನು ಮರೆಮಾಚದೆ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿದು, ಜಾತ್ರೆ ಸಂತೆಗಳಿಂದ ಕೆಲವು ದಿನ ದೂರವಿದ್ದು ಸಹಕರಿಸಬೇಕು. ದುದ್ದದಲ್ಲಿ ದೊರೆಯದ ಚಿಕಿತ್ಸೆಯು ಬೆಂಗಳೂರಿನಲ್ಲಿ ಎಷ್ಟಿದ್ದರೂ ದುದ್ದದ ರೋಗಿಗೆ ಅದು ಇಲ್ಲದಂತೆಯೇ ಎಂಬುದನ್ನು ಸರ್ಕಾರದವರು ಮನಗಾಣಲಿ.